ಪಿಗ್ಮಿಯ ಕೀರ್ತಿ ಯಾರದು?

ಬ್ಯಾಂಕರ್, ಸಂಸದ, ಕೇಂದ್ರ ಮಂತ್ರಿಯಾಗಿದ್ದ ಟಿ. ಎ. ಪೈ ಅವರ ಮಾತು ಬಂದಲ್ಲೆಲ್ಲ ಬಡವರ ಉಳಿತಾಯದ ಪಿಗ್ಮಿ ಯೋಜನೆಯನ್ನು ಅವರ ತಲೆಗೇ ಕಿರೀಟವಾಗಿ ತೊಡಿಸುತ್ತಾರೆ. ಪಿಗ್ಮಿ ಶುರುವಾದ 1928ರಲ್ಲಿ ಅವರಿಗೆ ಆರು ವರ್ಷ! ಅದನ್ನು ತಂದ ಸಿಂಡಿಕೇಟ್ ಬ್ಯಾಂಕನ್ನು 1925ರಲ್ಲಿ ಎಂಟು ಸಾವಿರ ರೂಪಾಯಿಯೊಂದಿಗೆ ಉಡುಪಿಯಲ್ಲಿ ಕಟ್ಟಿದವರು ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ. ಎಂ. ಎ. ಪೈ. ಆದರೆ ನನ್ನ ತಕರಾರು ಪಿಗ್ಮಿ ಯಾವ ಪೈ ಅವರದು ಎಂಬುದರ ಬಗ್ಗೆ ಅಲ್ಲ, ಬಾಗಿಲು ಬಾಗಿಲಿಗೆ ತಿರುಗಿ ಅದನ್ನು ಕೂಡಿಸಿದ ಏಜೆಂಟರನ್ನು ಮರೆತದ್ದರ ಬಗ್ಗೆ.

ದಿನಕ್ಕೆ ಎರಡಾಣೆ ಕಟ್ಟಿದರೆ ವರ್ಷಕ್ಕೆ 45 ರೂಪಾಯಿ 10 ಆಣೆ. ಇಷ್ಟು ಸಣ್ಣ ಮೊತ್ತಕ್ಕಾಗಿ ಒಬ್ಬ ಮನುಷ್ಯ ಒಂದೇ ಬಾಗಿಲಿಗೆ ದಿನಾ ಹೋಗಬೇಕು. ಸಂಬಳದ ಗುಮಾಸ್ತನನ್ನು ಕಳಿಸಿದ್ದರೆ ಈ ಲೆಕ್ಕ ಕೂಡುತ್ತಿರಲಿಲ್ಲ, ಕೂಡಿದ್ದು ಏಜೆಂಟನ ಕಮಿಷನ್ನಿನಿಂದ. ಬನ್ನೂರಿನಂಥ ಊರಿನ ಅಂಗಡಿಬೀದಿಯಲ್ಲಿ ಪಿಗ್ಮಿ ಕಟ್ಟುತ್ತಿದ್ದ ಹೂವಿನವಳು ದುಡ್ಡು ಕೊಡುತ್ತಿದ್ದುದು ಬ್ಯಾಂಕಿನ ನಿರ್ದೇಶಕ ಮಂಡಳಿಯನ್ನು ನಂಬಿ ಅಲ್ಲ, ಎದುರಿಗೆ ನಿಂತ ಪರಿಚಿತ ಮುಖವನ್ನು ನಂಬಿ. ಇವತ್ತು ಯಾರಿಗೆ ವ್ಯಾಪಾರವಾಗಿಲ್ಲ, ಯಾರ ಮನೆಯಲ್ಲಿ ಕಾಯಿಲೆ, ಯಾರನ್ನು ನಾಳೆ ಕೇಳಿದರೆ ಸಾಕು ಎಂಬುದು ಗೊತ್ತಿದ್ದದ್ದು ಏಜೆಂಟನಿಗೆ. ಯಾವ ಲೆಡ್ಜರಿನಲ್ಲೂ ಇಲ್ಲದ ಈ ತಿಳಿವಳಿಕೆಯೇ ಪಿಗ್ಮಿಯ ನಿಜವಾದ ಬಂಡವಾಳ. ಹೊಗಳಿಕೆಯ ಬರಹಗಳು ಮಾತ್ರ ಇದನ್ನು ಸಂಸ್ಥಾಪಕರ ಕರುಣೆಯ ಖಾತೆಗೆ ಜಮಾ ಮಾಡುತ್ತವೆ.

ಟೀಕಾಕಾರರ ಮೇಲೂ ನನಗೆ ಸಿಟ್ಟಿದೆ. ಬಡವರ ಚಿಲ್ಲರೆ ಬಾಚಿ ಉಳ್ಳವರಿಗೆ ಸಾಲ ಕೊಟ್ಟರು ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದವರಿಗೆ ಸ್ವಂತ ಹೆಸರಿನಲ್ಲೊಂದು ಖಾತೆ ಸಿಕ್ಕಿದ್ದು ಇವರಿಗೆ ದೊಡ್ಡದಾಗಿ ಕಾಣುವುದಿಲ್ಲ. ಇವರೂ ಮಾತಾಡುವುದು ಮಾಲೀಕರ ಬಗ್ಗೆಯೇ. ಬಿಸಿಲಲ್ಲಿ ತಿರುಗಿದವನು ಹೊಗಳುವವರಿಗೂ ಬೇಡ, ತೆಗಳುವವರಿಗೂ ಬೇಡ. ಏಜೆಂಟರು ನ್ಯಾಯಾಲಯಕ್ಕೆ ಹೋಗಿ ಹೋರಾಡಬೇಕಾಯಿತು. 2001ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಕಾರ್ಮಿಕರೆಂದು ಒಪ್ಪಿತು, ಬ್ಯಾಂಕಿನ ಕಾಯಂ ನೌಕರರೆಂದು ಒಪ್ಪಲಿಲ್ಲ. ಪಿಗ್ಮಿ ಶುರುವಾಗಿ ಆಗಲೇ 73 ವರ್ಷ ಕಳೆದಿತ್ತು. ಈ ಮೊಕದ್ದಮೆಯನ್ನು ಓದದೆ ಪಿಗ್ಮಿಯ ಬಗ್ಗೆ ಬರೆದ ವಿಮರ್ಶೆ ನನ್ನ ಮಟ್ಟಿಗೆ ಅರ್ಧ ವಿಮರ್ಶೆ.

ಟಿ. ಎ. ಪೈ ಅವರಿಗೆ ಸಲ್ಲಬೇಕಾದ್ದು ಬೇರೆಯೇ ಇದೆ. ಬೇರೆ ಬ್ಯಾಂಕುಗಳು ರೈತನನ್ನು ಕಂಡು ಹಿಂಜರಿಯುತ್ತಿದ್ದಾಗ, 1969ರ ಬ್ಯಾಂಕ್ ರಾಷ್ಟ್ರೀಕರಣಕ್ಕೂ ಮೊದಲೇ, ಅವರ ನೇತೃತ್ವದ ಸಿಂಡಿಕೇಟ್ ಕೃಷಿ ಸಾಲಕ್ಕೆ ಕೈಹಾಕಿತ್ತು. ಬನ್ನೂರಿನ ಕುರಿ ಸಾಕುವವನಂಥವರಿಗೆ ಉಳಿಸುವುದನ್ನು ಕಲಿಸುವುದಕ್ಕಿಂತ ಸಾಲ ಕೊಡುವುದು ಕಷ್ಟದ ಕೆಲಸ. ಅವರ ಚರಿತ್ರೆಯನ್ನು ಮತ್ತೆ ಬರೆಯುವವರು ಈ ಸಾಲದ ಅಧ್ಯಾಯವನ್ನು ಹಿಗ್ಗಿಸಲಿ, ಪಿಗ್ಮಿಯ ಅಧ್ಯಾಯವನ್ನು ಏಜೆಂಟರನ್ನು ಕೇಳಿ ಬರೆಯಲಿ.