ವೇಷ ಹಾಕಿದ ಒಲವು

ಹೆಣ್ಣು ಹೆಣ್ಣಿಗೆ ಒಲಿದ ಕಥೆ ಹೇಳುವ ಎರಡು ಕಾದಂಬರಿಗಳು 1928ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ರ‍್ಯಾಡ್‌ಕ್ಲಿಫ್ ಹಾಲ್ ಅವರ ‘ದಿ ವೆಲ್ ಆಫ್ ಲೋನ್ಲಿನೆಸ್’ ಮುಚ್ಚುಮರೆಯಿಲ್ಲದೆ ಮಾತನಾಡಿತು. ನ್ಯಾಯಾಲಯ ಅದನ್ನು ಅಶ್ಲೀಲವೆಂದು ನಾಶಪಡಿಸಲು ಆಜ್ಞೆ ಮಾಡಿತು. ಸಾಕ್ಷಿ ನುಡಿಯಲು ಬಂದಿದ್ದ ಸಾಹಿತಿಗಳಲ್ಲಿ ವರ್ಜೀನಿಯಾ ವುಲ್ಫ್ ಒಬ್ಬರು. ನ್ಯಾಯಾಧೀಶರು ಅವರ ಮಾತನ್ನು ಕೇಳಲೇ ಇಲ್ಲ. ಅಕ್ಟೋಬರಿನಲ್ಲಷ್ಟೇ ಹೊರಬಂದಿದ್ದ ವುಲ್ಫರ ‘ಒರ್ಲ್ಯಾಂಡೊ’ ಮಾತ್ರ ನಿರಾತಂಕವಾಗಿ ಮಾರಾಟವಾಗುತ್ತಿತ್ತು!

ಅದನ್ನು ಕಾಪಾಡಿದ್ದು ಅದರ ವೇಷ. ಮುನ್ನೂರು ವರ್ಷಕ್ಕೂ ಮಿಕ್ಕಿ ಬದುಕಿ, ನಡುವೆ ಗಂಡು ಹೋಗಿ ಹೆಣ್ಣಾಗುವ ವ್ಯಕ್ತಿಯ ಕಥೆ, ಹೆಸರಿಗೆ ಜೀವನಚರಿತ್ರೆ. ಅರ್ಪಣೆ, ವುಲ್ಫರ ಪ್ರೇಯಸಿ ವೀಟಾ ಸ್ಯಾಕ್‌ವಿಲ್-ವೆಸ್ಟ್ ಅವರಿಗೆ. ವೀಟಾ ಹುಟ್ಟಿ ಬೆಳೆದ ನೋಲ್ ಮಹಲು, ಆ ವರ್ಷದ ಜನವರಿಯಲ್ಲಿ ತಂದೆ ತೀರಿಕೊಂಡಾಗ, ಚಿಕ್ಕಪ್ಪನ ಪಾಲಾಗಿತ್ತು, ಮಗಳು ಹೆಣ್ಣಲ್ಲವೆ! ವುಲ್ಫ್ ಆ ಮನೆಯನ್ನು ಕಾದಂಬರಿಯಲ್ಲಿ ಒರ್ಲ್ಯಾಂಡೊಗೆ ಉಳಿಸಿಕೊಟ್ಟರು. ಒಲಿದವಳಿಗೆ ಕೊಡುವ ಉಡುಗೊರೆಯೆಂದರೆ ಇದು.

ಆದರೆ ಹೆಣ್ಣಾದ ಒರ್ಲ್ಯಾಂಡೊ ಕೊನೆಗೆ ಕೈಹಿಡಿಯುವುದು ಗಂಡಸನ್ನೇ. ವೇಷಕ್ಕೆ ತೆತ್ತ ಬೆಲೆ ಇದು ಎಂದು, ವುಲ್ಫರನ್ನು ಮೆಚ್ಚುವ ನಾನೂ ಒಪ್ಪಬೇಕು. ಹಾಲ್ ಅವರ ಗದ್ಯ ಭಾರ, ಉಪದೇಶ ಅತಿ. ಆದರೂ ಇಬ್ಬರು ಹೆಂಗಸರು ಒಂದೇ ಸೂರಿನಡಿ ಸಂಸಾರ ಹೂಡುವ ಸುಖ, ದಿಗಿಲು ಸಿಗುವುದು ಅಲ್ಲಿಯೇ. ಆ ಪುಸ್ತಕ ಇಂಗ್ಲೆಂಡಿನಲ್ಲಿ ಮತ್ತೆ ಪ್ರಕಟವಾದದ್ದು 1949ರಲ್ಲಿ. ಹಾಲ್ 1943ರಲ್ಲೇ ತೀರಿಕೊಂಡಿದ್ದರು.