ಸುಂಕಾಧಿಕಾರಿಯ ದಸ್ತಗಿರಿ ಅಧಿಕಾರ: ಒಂದು ವಿಮರ್ಶೆ

ಸುಂಕಾಧಿಕಾರಿಯು ಪೊಲೀಸನಲ್ಲ, ಆದರೂ ಅವನು ದಸ್ತಗಿರಿ ಮಾಡಬಲ್ಲನು. ಹುಬ್ಬಳ್ಳಿಯ ದೇಶಪಾಂಡೆ ನಗರದ ವಕೀಲ ಮಿತ್ರರೊಬ್ಬರು ಇದನ್ನು ‘ಅಂಗಿ ಗುಮಾಸ್ತನದು, ಲಾಠಿ ಪೊಲೀಸನದು’ ಎಂದು ವಿನೋದವಾಗಿ ಹೇಳುವುದುಂಟು. ವಿನೋದವಾದರೂ ಮಾತು ಹಗುರವಾದುದಲ್ಲ.

1962ರ ಸುಂಕ ಕಾಯಿದೆ, ಅಂದರೆ ಕಸ್ಟಮ್ಸ್ ಆ್ಯಕ್ಟಿನ 104ನೆಯ ಕಲಮು, ಅಪರಾಧವೆಸಗಿದನೆಂದು ನಂಬಲು ಕಾರಣವಿದ್ದಲ್ಲಿ ಬಂಧಿಸುವ ಅಧಿಕಾರವನ್ನಿತ್ತಿದೆ. 108ನೆಯ ಕಲಮಿನ ಮೇರೆಗೆ ಹೇಳಿಕೆಯನ್ನೂ ಪಡೆಯಬಹುದು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಆಪಾದಿತನ ವಿರುದ್ಧ ಸಲ್ಲದು. ಸುಂಕಾಧಿಕಾರಿಯ ಮುಂದೆ ಮಾಡಿದುದು ಸಲ್ಲುತ್ತದೆ. ಬರಕತ್ ರಾಮ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಬಹುಮತವು, ಹಳೆಯ ಸುಂಕ ಕಾಯಿದೆಗಳ ಕೆಳಗೆ, ಈ ಭೇದವನ್ನು ಎತ್ತಿಹಿಡಿದಾಗ ನ್ಯಾಯಮೂರ್ತಿ ಸುಬ್ಬರಾಯರು ಭಿನ್ನಮತವಿತ್ತರು. ಅಧಿಕಾರಿಯ ಹೆಸರಿಗಿಂತ ಅಧಿಕಾರದ ಸ್ವರೂಪವನ್ನು ನೋಡುವುದೇ ಯುಕ್ತವೆಂದು ನಮಗೂ ತೋರುತ್ತದೆ.

2011ರಲ್ಲಿ ಓಂ ಪ್ರಕಾಶ್ ತೀರ್ಪು ಈ ಅಪರಾಧಗಳಲ್ಲಿ ವಾರಂಟಿಲ್ಲದೆ ಬಂಧಿಸಕೂಡದೆಂದಿತು. ಸಂಸತ್ತು ಸುಮ್ಮನಿರಲಿಲ್ಲ. 2012, 2013, 2019ರ ತಿದ್ದುಪಡಿಗಳಿಂದ, ಐವತ್ತು ಲಕ್ಷ ರೂಪಾಯಿ ಮೀರಿದ ಸುಂಕವಂಚನೆಯೇ ಮೊದಲಾದ ಅಪರಾಧಗಳಿಗೆ ವಾರಂಟಿನ ಅಗತ್ಯ ತಪ್ಪಿತು.

2025ರ ಫೆಬ್ರವರಿ 27ರ ರಾಧಿಕಾ ಅಗರ್ವಾಲ್ ತೀರ್ಪು ಈ ತಿದ್ದುಪಡಿಗಳನ್ನು ಮಾನ್ಯಮಾಡಿತು; ಸುಂಕಾಧಿಕಾರಿಯು ಪೊಲೀಸನಲ್ಲವೆಂಬ ಹಳೆಯ ಸೂತ್ರವನ್ನೂ ಬಿಡಲಿಲ್ಲ. ಆದರೆ ಬಂಧಿತನಿಗೆ ದಂಡಪ್ರಕ್ರಿಯೆಯ ರಕ್ಷಣೆಗಳು ಸಲ್ಲತಕ್ಕವೆಂದೂ, ನಂಬಿಕೆಯ ಕಾರಣಗಳು ದಾಖಲೆಯಿಂದ ಮೂಡಿಬರಬೇಕೆಂದೂ ಮುಖ್ಯ ನ್ಯಾಯಮೂರ್ತಿ ಸಂಜೀವ್ ಖನ್ನಾ ಅವರು ಸ್ಪಷ್ಟಪಡಿಸಿದರು. ಇದು ಸಣ್ಣ ಲಾಭವಲ್ಲ. ಆದರೆ ನ್ಯಾಯಮೂರ್ತಿ ಬೇಲಾ ತ್ರಿವೇದಿಯವರು ಪ್ರತ್ಯೇಕವಾಗಿ ಬರೆದು, ಕಾರಣಗಳು ಸಾಕೆ ಸಾಲವೆ ಎಂಬುದನ್ನು ನ್ಯಾಯಾಲಯವು ಕೆದಕಬಾರದೆಂದರು. ಕಾರಣ ಬರೆಯಲೇಬೇಕು, ಆದರೆ ಅದರ ತೂಕವನ್ನು ನೋಡಬಾರದೆಂದರೆ, ಬರೆಯಿಸಿ ಪ್ರಯೋಜನವೇನು?

ತೀರ್ಪು ಹೊರಬಿದ್ದ ನಾಲ್ಕನೆಯ ದಿನ, ಮಾರ್ಚ್ 3ರಂದು, ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 14.2 ಕಿಲೋಗ್ರಾಂ ಚಿನ್ನ ತಂದರೆಂಬ ಆರೋಪದ ಮೇಲೆ ಪ್ರಯಾಣಿಕರೊಬ್ಬರ ಬಂಧನವಾಯಿತು. ಅವಧಿಯೊಳಗೆ ದೋಷಾರೋಪಣೆ ಸಲ್ಲದ ಕಾರಣ ಮೇ ತಿಂಗಳಲ್ಲಿ ಆರ್ಥಿಕ ಅಪರಾಧಗಳ ವಿಶೇಷ ನ್ಯಾಯಾಲಯವು ಜಾಮೀನಿತ್ತಿತು. ಆದರೆ ಅಷ್ಟರೊಳಗೇ, ಏಪ್ರಿಲ್‌ನಲ್ಲಿ, ಕಳ್ಳಸಾಗಣೆ ತಡೆಯುವ 1974ರ ಕಾಫಿಪೋಸಾ ಶಾಸನದ ಮೇರೆಗೆ ಮುನ್ನೆಚ್ಚರಿಕೆಯ ಸ್ಥಾನಬದ್ಧತೆಯ ಆಜ್ಞೆ ಹೊರಟಿತ್ತು. ಜಾಮೀನು ಸಿಕ್ಕರೂ ಸೆರೆಮನೆಯ ಬಾಗಿಲು ತೆರೆಯಲಿಲ್ಲ. ಒಂದು ಶಾಸನ ಬಿಡೆಂದರೆ ಇನ್ನೊಂದು ಹಿಡಿಯೆನ್ನುತ್ತದೆ. ಈ ಎರಡನೆಯ ಶಾಸನದ ಪ್ರಶ್ನೆಯು ರಾಧಿಕಾ ಅಗರ್ವಾಲ್ ಪೀಠದ ಮುಂದೆ ಇರಲೇ ಇಲ್ಲ.