ಮನೆಯ ಮೂಲಪಾಠ

ಲಾಸ್ ಏಂಜಲೀಸಿಗೆ ಅಂಟಿಕೊಂಡಿರುವ ವೆಸ್ಟ್ ಹಾಲಿವುಡ್ಡಿನ ಕಿಂಗ್ಸ್ ರಸ್ತೆಯಲ್ಲಿ, ಎತ್ತರದ ಕಟ್ಟಡಗಳ ನಡುವೆ, ಗಿಡಮರಗಳ ಮರೆಯಲ್ಲಿ ಒಂದು ತಗ್ಗು ಮನೆಯಿದೆ. ವಿಯೆನ್ನಾದಿಂದ ಬಂದ ವಾಸ್ತುಶಿಲ್ಪಿ ರುಡಾಲ್ಫ್ ಷಿಂಡ್ಲರ್ 1922ರಲ್ಲಿ ಕಟ್ಟಿ ಮುಗಿಸಿದ ಮನೆ ಅದು. ಈಗ ಅದೊಂದು ಕಲಾಕೇಂದ್ರ. ಕಳೆದ ರಜೆಯಲ್ಲಿ ಅದನ್ನು ನೋಡುವ ಸುಯೋಗ ನನಗೊದಗಿತ್ತು.

ಷಿಂಡ್ಲರ್ ಮತ್ತು ಆತನ ಹೆಂಡತಿ ಪಾಲೀನ್, ಕ್ಲೈಡ್ ಚೇಸ್ ಮತ್ತು ಆತನ ಹೆಂಡತಿ ಮೇರಿಯನ್, ಹೀಗೆ ಎರಡು ಸಂಸಾರಗಳಿಗೆಂದು ಕಟ್ಟಿದ್ದು. ನಾಲ್ವರಿಗೂ ಒಂದೊಂದು ಕೋಣೆ, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ, ಮಲಗಲು ಮಾಳಿಗೆಯ ಮೇಲೆ ತೆರೆದ ಗೂಡುಗಳು. ಕಾಂಕ್ರೀಟಿನ ಹಲಗೆಗಳನ್ನು ನೆಲದ ಮೇಲೆಯೇ ಎರಕ ಹೊಯ್ದು, ಎತ್ತಿ ನಿಲ್ಲಿಸಿ, ನಡುವಣ ಸಂದಿಗಳಿಗೆ ಗಾಜು ತುಂಬಿದ್ದಾರೆ. ಆ ಸಂದಿಗಳಿಂದ ಇಳಿಯುವ ಬೆಳಕಿನಲ್ಲಿ ಗೋಡೆಯ ಭಾರವೇ ಮರೆತುಹೋಗುತ್ತದೆ. ಹೆಂಗಸಿಗೂ ಗಂಡಸಿಗೂ ಸಮನಾದ ಕೋಣೆ ಕೊಟ್ಟದ್ದು ಆ ಕಾಲಕ್ಕೆ ದೊಡ್ಡ ಮಾತೇ ಸರಿ. ಆದರೆ ವಾರಕ್ಕೊಬ್ಬರಂತೆ ಅಡುಗೆಯ ಸರದಿ ಗೊತ್ತುಮಾಡಿದ್ದು ಹೆಂಡತಿಯರಿಬ್ಬರಿಗೆ ಮಾತ್ರ! ಆದರ್ಶ ಅಡುಗೆಮನೆಯ ಹೊಸ್ತಿಲಲ್ಲೇ ನಿಂತಿತು.

ಚೇಸ್ ದಂಪತಿಗಳು 1924ರಲ್ಲಿ ಮನೆ ಬಿಟ್ಟರು. 1927ರಲ್ಲಿ ಪಾಲೀನಳೂ ಗಂಡನನ್ನು ಬಿಟ್ಟು ಹೊರಟಳು. ಹತ್ತಾರು ವರ್ಷಗಳ ಮೇಲೆ ಹಿಂದಿರುಗಿದವಳು ಗಂಡನ ಜೊತೆಗಲ್ಲ, ಅದೇ ಮನೆಯ ಇನ್ನೊಂದು ಅರ್ಧದಲ್ಲಿ ಬಿಡಾರ ಹೂಡಿದಳು. ಷಿಂಡ್ಲರ್ 1953ರಲ್ಲಿ ತೀರಿಕೊಂಡ. ಆಕೆ 1977ರಲ್ಲಿ ಸಾಯುವವರೆಗೂ ಅಲ್ಲಿಯೇ ಬಾಳಿದಳು. ಬಾಳಿದವಳು ತನ್ನ ಅರ್ಧದ ಕಾಂಕ್ರೀಟಿಗೆ ಗುಲಾಬಿ ಬಣ್ಣ ಬಳಿದಳು.

1980ರಲ್ಲಿ ಮನೆಯ ಅಭಿಮಾನಿಗಳ ಸಂಘವೊಂದು ಅದನ್ನು ಕೊಂಡುಕೊಂಡು, 1922ರ ರೂಪಕ್ಕೆ ತರುವ ಕೆಲಸ ಕೈಗೊಂಡಿತು. 1994ರಿಂದ ವಿಯೆನ್ನಾದ ಮ್ಯಾಕ್ ವಸ್ತುಸಂಗ್ರಹಾಲಯದ ಸಹಯೋಗದಲ್ಲಿ ಕಲಾಕೇಂದ್ರ ನಡೆಯುತ್ತಿದೆ. ಕಾಂಕ್ರೀಟು ಈಗ ಮತ್ತೆ ಬರಿಮೈಯಾಗಿದೆ.

ಓಲೆಗರಿಯ ಪ್ರತಿಗಳೊಡನೆ ಹೆಣಗಿದವರಿಗೆ ಈ ಕೆಲಸ ಪರಿಚಿತವೇ. ಪ್ರಕ್ಷಿಪ್ತವನ್ನು ಕಿತ್ತುಹಾಕಿ ಮೂಲಪಾಠವನ್ನು ಉಳಿಸುವುದು ಸಂಪಾದಕನ ಧರ್ಮ. ಆ ದೃಷ್ಟಿಯಿಂದ ಸಂಘದವರು ಮಾಡಿದ್ದು ತಪ್ಪೆನ್ನಲಾರೆ. ಬಣ್ಣ ಹೋದದ್ದರಿಂದಲೇ ನಾನು ಷಿಂಡ್ಲರನ ಬೆಳಕನ್ನು ಕಂಡೆ. ಆದರೆ ಪಾಲೀನ್ ಕೇವಲ ಲಿಪಿಕಾರಳೇ? ಮದುವೆಗೂ ಮುನ್ನ, 1916ರಲ್ಲಿ, ಆಕೆ ತಾಯಿಗೆ ಬರೆದ ಕಾಗದವೊಂದುಂಟು. ಎಲ್ಲ ಬಗೆಯ ಸ್ನೇಹಿತರಿಗೂ ಬಾಗಿಲು ತೆರೆದಿರುವ ಪುಟ್ಟದೊಂದು ಮನೆ ತನ್ನ ಕನಸೆಂದು ಅದರಲ್ಲಿ ಹೇಳಿಕೊಂಡಿದ್ದಾಳೆ. ಮನೆಯ ಮೊದಲ ಸಾಲು ಬಹುಶಃ ಅದೇ.

ನಮ್ಮ ಕನ್ನಡದಲ್ಲಿ ಹೆಂಡತಿಯನ್ನೂ ಗಂಡನನ್ನೂ 'ಮನೆಯವರು' ಎನ್ನುತ್ತೇವೆ. ಮನೆಯನ್ನು ಮನೆಯವರಿಂದ ಬೇರ್ಪಡಿಸಲು ನಮ್ಮ ಮಾತೇ ಒಪ್ಪುವುದಿಲ್ಲ. ಕಟ್ಟಿದವನ ಗೋಡೆಗಳನ್ನು ಶ್ರದ್ಧೆಯಿಂದ ಕಾಪಾಡಿದವರು ಬಾಳಿದವಳ ಗುಲಾಬಿಯನ್ನು ಒಂದೇ ಒಂದು ಹಲಗೆಯ ಮೇಲಾದರೂ ಎದ್ದು ಕಾಣುವಂತೆ ಉಳಿಸಿದ್ದರೆ, ಪಾಠಾಂತರವನ್ನು ಅಡಿಯಲ್ಲಿ ಕೊಟ್ಟ ಸಂಪಾದಕನಂತೆ ಪ್ರಾಮಾಣಿಕರಾಗುತ್ತಿದ್ದರು. ಆದರೂ, ಗುರುತು ಪರಿಚಯವಿಲ್ಲದ ನಾನು ಆ ಬಾಗಿಲನ್ನು ದಾಟಿ ಒಳಗೆ ಹೋದೆನಲ್ಲ, ಅಷ್ಟರಮಟ್ಟಿಗೆ ಆ ಮನೆ ಇಂದಿಗೂ ಪಾಲೀನಳದೇ.